ಹೊಳಿ ಬಂದಾಗ ಪ್ರಶ್ನೆ ಕೇಳಬಾರದಂತೆ!

ಹೋದ ಸಲ ಊರಿಗೆ ಹೋದಾಗ ಹಿರೇಕೆರೂರಿನ ಚಹಾದಂಗಡಿಯಲ್ಲಿ ಗೆಳೆಯನ ಜೊತೆ ಜೋರು ಜಗಳ ಆಯ್ತು. ಕಾರಣ ಅಮೆರಿಕ! ನಗಬೇಡಿ, ಪೂರ್ತಿ ಕೇಳಿ.

2008ರ ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ದಿವಾಳಿ ಎದ್ದಿತು. 24ರಂದು ಜಾನ್ ಮೆಕೇನ್, ಪ್ರಚಾರ ನಿಲ್ಲಿಸ್ತೀನಿ, 26ರ ಚರ್ಚೆ ಮುಂದೂಡಿ ಎಂದರು. ಅಧ್ಯಕ್ಷನಾಗುವವನು ಒಂದೇ ಸಲಕ್ಕೆ ಎರಡು ಕೆಲಸ ಮಾಡಲು ಬರಬೇಕು ಎಂಬುದು ಒಬಾಮಾ ಉತ್ತರ. ಕೊನೆಗೆ ಪ್ಯಾಕೇಜಿನ ಒಪ್ಪಂದ ಆಗುವ ಮೊದಲೇ ಮೆಕೇನ್ ಮಿಸಿಸಿಪ್ಪಿಗೆ ಹೋಗಿ ಚರ್ಚೆ ಮಾಡಿದರು. 700 ಬಿಲಿಯನ್ ಡಾಲರಿನ ಆ ಮಸೂದೆ 29ರಂದು ಕೆಳಮನೆಯಲ್ಲಿ ಬಿತ್ತು, ಅಕ್ಟೋಬರ್ 3ರಂದು ಪಾಸಾಯ್ತು. ಚರ್ಚೆಯಿಂದ ಆಕಾಶವೇನೂ ಕಳಚಿ ಬೀಳಲಿಲ್ಲ.

ಗೆಳೆಯ ಒಪ್ಪಲಿಲ್ಲ. "ಅಲ್ಲೋ ಮಾರಾಯ, ಮನಿಗೆ ಬೆಂಕಿ ಬಿದ್ದಾಗ ಭಾಷಣ ಯಾರಿಗೆ ಬೇಕು? ಮೊದಲು ನೀರು ಹಾಕ್ಬೇಕು. ಮೆಕೇನ್ ಹೇಳಿದ್ದು ಬರೋಬ್ಬರಿ ಐತಿ."

ಸರಿ, ನಮ್ಮ ಮನೆಗೇ ಬೆಂಕಿ (ಅಲ್ಲ, ನೀರು) ಬಿದ್ದ ವರ್ಷ ತಗೊಳ್ಳೋಣ. 2019ರ ಆಗಸ್ಟ್. ವರದಾ, ಧರ್ಮಾ ಉಕ್ಕಿ ಹಾನಗಲ್, ಸವಣೂರು ಕಡೆ ಹೊಲ ಮನೆ ಎಲ್ಲ ನೀರುಪಾಲು. ಬೆಂಗಳೂರಿನಲ್ಲಿ ಯಡಿಯೂರಪ್ಪನವರದ್ದು ಒಂಟಿ ಮಂತ್ರಿಮಂಡಲ. ಉಳಿದ ಮಂತ್ರಿಗಳು ಬಂದಿದ್ದು ಆಗಸ್ಟ್ 20ಕ್ಕೆ. ಹಿರೇಕೆರೂರಿಗಂತೂ ಶಾಸಕರೇ ಇಲ್ಲ! ರಾಜೀನಾಮೆ ಕೊಟ್ಟಿದ್ದ ಬಿ.ಸಿ. ಪಾಟೀಲರನ್ನು ಸ್ಪೀಕರ್ ಜುಲೈ 28ರಂದು ಅನರ್ಹಗೊಳಿಸಿದ್ದರು. ಉಪಚುನಾವಣೆ ಅಕ್ಟೋಬರ್ 21ಕ್ಕೆ ಅಂದರು, ಆಮೇಲೆ ಡಿಸೆಂಬರ್ 5ಕ್ಕೆ ಹೋಯ್ತು. ಹೊಳೆ ಬಂತು ಅಂತಲ್ಲ ಸ್ವಾಮಿ, ಅನರ್ಹರ ಕೇಸು ಸುಪ್ರೀಂ ಕೋರ್ಟಿನಲ್ಲಿತ್ತು ಅಂತ.

ಆ ಒಂದೂವರೆ ತಿಂಗಳಲ್ಲಿ ಪಾಟೀಲರನ್ನೂ ಕಾಂಗ್ರೆಸ್ಸಿನ ಬಿ.ಎಚ್. ಬನ್ನಿಕೋಡರನ್ನೂ ಅಕ್ಕಪಕ್ಕ ಕೂರಿಸಿ ಕೇಳಬಹುದಿತ್ತಲ್ಲ? ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂದಿದೆ ಸರ್ಕಾರ. ಅರ್ಧ ಬಿದ್ದಿದ್ದು ಯಾವುದು, ಪೂರ್ತಿ ಬಿದ್ದಿದ್ದು ಯಾವುದು, ಅಳೆಯೋರು ಯಾರು? ಗೋವಿನಜೋಳ ಹೋದವನಿಗೆ ಎಷ್ಟು? ಪಕ್ಷ ಬಿಟ್ಟಿದ್ದಕ್ಕೆ ತಾಲ್ಲೂಕಿಗೇನು ಸಿಕ್ಕಿತು? ಗೆದ್ದ ಪಾಟೀಲರು ಎರಡೇ ತಿಂಗಳಿಗೆ ರಾಜ್ಯದ ಕೃಷಿ ಮಂತ್ರಿಯಾದರು. ಡಿಸೆಂಬರಿನಲ್ಲಿ ಕೊಟ್ಟ ಉತ್ತರವನ್ನು ಫೆಬ್ರವರಿಯಲ್ಲಿ ಎದುರಿಗೆ ಹಿಡಿಯಬಹುದಿತ್ತು.

ಮತದಾನ ಮುಂದೂಡುವುದಕ್ಕೆ ನನ್ನ ತಕರಾರಿಲ್ಲ. ಶಾಲೆಯೊಳಗೆ ನೀರು ನಿಂತಿದ್ದರೆ ಮತಗಟ್ಟೆ ಎಲ್ಲಿಡ್ತೀರಿ? ನೀತಿಸಂಹಿತೆ ಬಂದರೆ ಹೊಸ ಪರಿಹಾರಕ್ಕೆ ಆಯೋಗದ ಮುಖ ನೋಡಬೇಕು, ಅದೂ ನಿಜ. ಆದರೆ ಚರ್ಚೆಗೆ ತಹಶೀಲ್ದಾರರು ಬೇಡ, ಪೊಲೀಸರು ಬೇಡ, ಎರಡು ತಾಸು ಸಾಕು. ನಮ್ಮ ಆಫೀಸಿನಲ್ಲಿ ಪ್ರೊಡಕ್ಷನ್ ಸರ್ವರ್ ಬಿದ್ದರೆ ಮೀಟಿಂಗ್ ರದ್ದು ಮಾಡಲ್ಲ, ರಾತ್ರಿ ಎರಡಕ್ಕೂ ಎಲ್ಲರನ್ನೂ ಕಾಲ್‌ಗೆ ಎಳೀತಾರೆ. ಯಾರು ಏನು ಮಾಡ್ತಿದೀರಿ, ಯಾಕೆ, ಎಷ್ಟೊತ್ತಿಗೆ ಮುಗಿಯುತ್ತೆ? (ಶಾಪ ಹಾಕ್ತಾನೇ ಹೋಗ್ತೀವಿ ಬಿಡಿ.)

ಮುಂದೂಡಿದ್ದು ಏನಾಗುತ್ತೆ ಗೊತ್ತಾ? ಜಿಲ್ಲಾ, ತಾಲ್ಲೂಕು ಪಂಚಾಯ್ತಿ ನೋಡಿ. 2016ರಲ್ಲಿ ಆರಿಸಿದ್ದವರ ಅವಧಿ 2021ಕ್ಕೆ ಮುಗೀತು. ಮೊದಲು ಕೋವಿಡ್ ಅಂದರು, ಒಪ್ಪಿದ್ವಿ. ಆಮೇಲೆ ಕಾಯ್ದೆ ತಿದ್ದಿ, ಕ್ಷೇತ್ರ ವಿಂಗಡಣೆಯನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತು ಬೇರೆ ಆಯೋಗಕ್ಕೆ ಕೊಟ್ಟರು. ಆಮೇಲೆ ಮೀಸಲಾತಿ ಅಂದರು. ಸರ್ಕಾರ ಬದಲಾಯ್ತು, 2024 ಮುಗಿದರೂ ಚುನಾವಣೆ ಇಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಆದಾಗ, ಕೇಳೋಣ ಅಂದರೆ ನಮ್ಮೂರಿನ ಜಿಲ್ಲಾ ಪಂಚಾಯ್ತಿ ಸದಸ್ಯನೇ ಇರಲಿಲ್ಲ.

ಆದರೆ ಮೆರವಣಿಗೆ ಯಾವತ್ತಾದರೂ ನಿಂತಿದೆಯಾ? 2021ರ ಜೂನ್‌ನಲ್ಲಿ ಸಿ.ಎಂ. ಉದಾಸಿ ತೀರಿಕೊಂಡು ಅಕ್ಟೋಬರ್ 30ಕ್ಕೆ ಹಾನಗಲ್ ಉಪಚುನಾವಣೆ ಬಂತು. ಕೋವಿಡ್ ಎರಡನೇ ಅಲೆ ಮುಗಿದು ಕೆಲವೇ ತಿಂಗಳು. ಪಕ್ಕದ ಶಿಗ್ಗಾವಿಯ ಶಾಸಕರೇ ಆಗಿದ್ದ ಮುಖ್ಯಮಂತ್ರಿ ಬೊಮ್ಮಾಯಿ ಪ್ರಚಾರಕ್ಕೆ ಬಂದರು, ಎದುರು ಪಕ್ಷದವರೂ ಬಂದರು. ಸಂಕಟದ ಹೊತ್ತು ಅಂತ ಯಾರೂ ಮೈಕ್ ಕೆಳಗಿಡಲಿಲ್ಲ. ಸಂಕಟ ಅಡ್ಡ ಬರೋದು ಜನ ತಿರುಗಿ ಪ್ರಶ್ನೆ ಕೇಳ್ತಾರೆ ಅಂದಾಗ ಮಾತ್ರ.

ಅಮೆರಿಕದವರಿಗೆ ಮುಂದೂಡೋಕಾದರೂ ಒಂದು ಚರ್ಚೆ ಇತ್ತು. ನಮ್ಮಲ್ಲಿ ಎದುರಾಳಿಗಳನ್ನು ಒಂದೇ ವೇದಿಕೆಗೆ ತರುವ ರೂಢಿಯೇ ಬೇರೂರಿಲ್ಲ. ಮುಂದಿನ ಚುನಾವಣೆಗೆ ಹಿರೇಕೆರೂರಿನಲ್ಲಿ ಸಂತೆ ದಿನ ಎರಡು ಕುರ್ಚಿ ಹಾಕಿಸೋಣ ಅಂತಿದೀನಿ. ಮಳೆ ಬಂದರೆ ಎಪಿಎಂಸಿ ಶೆಡ್ಡಿನೊಳಗೆ. ಗೆಳೆಯ ಈಗಲೂ ನನ್ನ ಮಾತು ಒಪ್ಪಿಲ್ಲ, ಆದರೆ ಮೈಕಿನ ಬಾಡಿಗೆ ತಂದು ಅಂದಿದ್ದಾನೆ.