ಹದಿನಾಲ್ಕನೆಯ ಅಂತಸ್ತಿನಲ್ಲಿ ಒಂದು ಕೊಡ ನೀರು



ನೀರು ಕಂಡಲ್ಲಿ ಮನೆ ಕಟ್ಟಬೇಕೆಂಬುದು ನಮ್ಮ ಹಿರಿಯರ ಕ್ರಮವಾಗಿತ್ತು. ಮೊದಲು ಬಾವಿ ತೋಡಿ, ನೀರು ಸಿಹಿಯೋ ಸವಳೋ ಎಂದು ಬಾಯಿಗೆ ಹಾಕಿ ನೋಡಿ, ಆಮೇಲೆ ಬುನಾದಿಗೆ ಗುದ್ದಲಿ ಹಾಕುತ್ತಿದ್ದರು. ಈಗ ಕ್ರಮ ತಿರುವುಮುರುವಾಗಿದೆ. ಮೊದಲು ಮನೆ, ಅದೂ ಒಂದರ ತಲೆಯ ಮೇಲೊಂದರಂತೆ ಇಪ್ಪತ್ತು ಮನೆ. ನೀರಿನ ಮಾತು ಏನಿದ್ದರೂ ಗೃಹಪ್ರವೇಶದ ಹೋಳಿಗೆ ಉಂಡ ಮೇಲೆ. ಇದನ್ನು ನಾವು ಯಾರದೋ ಬಾಯಿಂದ ಕೇಳಿ ಹೇಳುತ್ತಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಅಂಥ ಮನೆಯೊಂದರಲ್ಲಿ ಐದು ದಿನ ಇದ್ದು, ಕಂಡು, ಹೇಳುತ್ತಿದ್ದೇವೆ.

ಕಣ್ಣಿನ ತಪಾಸಣೆಗೆಂದು ಹೋಗಿದ್ದೆವು. ಯುಗಾದಿ ಮುಗಿದು ಒಂದು ವಾರವಾಗಿತ್ತು. ಅಥಣಿ ಕಡೆಯ ನಮ್ಮ ಭಕ್ತರೊಬ್ಬರ ಮಗ ಅಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ನಗರದ ನಟ್ಟನಡುವೆ ಹೊಸದಾಗಿ ಎದ್ದ ಕಟ್ಟಡದ ಹದಿನಾಲ್ಕನೆಯ ಅಂತಸ್ತಿನಲ್ಲಿ ಬ್ಯಾಂಕಿನ ಸಾಲ ಮಾಡಿ ಮನೆ ಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. "ಅಜ್ಜಾರ, ನಿಮ್ಮ ಪಾದ ನಮ್ಮ ಮನ್ಯಾಗ ಒಮ್ಮೆ ಬೀಳಬೇಕ್ರಿ" ಎಂದು ಗಂಡಹೆಂಡತಿ ಹಟ ಹಿಡಿದರು. ಹೋದೆವು. ಲಿಫ್ಟಿನೊಳಗೆ ಕಾಲಿಟ್ಟ ಕೂಡಲೇ ಎದುರಿಗೆ ಅಂಟಿಸಿದ ಕಾಗದ ಕಣ್ಣಿಗೆ ಬಿತ್ತು. ಬೆಳಿಗ್ಗೆ ಆರರಿಂದ ಎಂಟು, ಸಂಜೆ ಆರೂವರೆಯಿಂದ ಏಳೂವರೆ, ಇಷ್ಟು ಹೊತ್ತು ಮಾತ್ರ ನೀರು. ಕಾರು ತೊಳೆಯಕೂಡದು, ಗಿಡಗಳಿಗೆ ನಳದ ನೀರು ಹಾಕಕೂಡದು, ತಪ್ಪಿದವರಿಗೆ ಜಲಮಂಡಳಿಯ ದಂಡ 5,000 ರೂಪಾಯಿ. ಅದೇ ಗೋಡೆಯ ಮೇಲೆ, ಮನೆ ಮಾರುವಾಗ ಅಂಟಿಸಿದ್ದ ಈಜುಕೊಳದ ಬಣ್ಣದ ಚಿತ್ರವೂ ಹಾಗೆಯೇ ಇತ್ತು.

ನಾವು ಬ್ರಾಹ್ಮೀ ಮುಹೂರ್ತದಲ್ಲಿ ಏಳುವವರು. ನಾಲ್ಕು ಗಂಟೆಗೆ ಬಚ್ಚಲುಮನೆಯ ನಳ ತಿರುವಿದರೆ 'ಸುಂಯ್' ಎಂದು ಗಾಳಿ ಬಂತು. ಎಣಿಸಿ ನೋಡಿದೆವು, ಐದು ನಳ. ಐದೂ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು, ಒಂದರಲ್ಲೂ ಹನಿಯಿಲ್ಲ. ಮೂಲೆಯಲ್ಲಿ ಒಂದು ಬಕೆಟ್ ನೀರು, ಪಕ್ಕದಲ್ಲಿ ಬಟ್ಟೆ ಕಟ್ಟಿದ ಒಂದು ಸ್ಟೀಲಿನ ಕೊಡ. ಕೊಡದ ನೀರು ಪೂಜೆಗೆ, ಬಕೆಟ್ಟಿನದು ಸ್ನಾನಕ್ಕೆ ಎಂದು ಆ ತಾಯಿ ರಾತ್ರಿಯೇ ಎತ್ತಿಟ್ಟಿದ್ದಳು. ಸ್ನಾನ ಮಾಡಿದೆವು, ಪೂಜೆ ಮಾಡಿದೆವು. ಆ ಮನೆಯ ಎರಡು ಮಕ್ಕಳು ದಿನ ಬಿಟ್ಟು ದಿನ ಸ್ನಾನ ಮಾಡುತ್ತಿದ್ದವೆಂದೂ, ಅಂದಿನ ಅವರ ಪಾಲಿನ ಬಕೆಟ್ಟೇ ನಮ್ಮ ಪಾಲಿಗೆ ಬಂದಿತ್ತೆಂದೂ ಮೂರನೆಯ ದಿನ ತಿಳಿಯಿತು. ಮೊದಲೇ ತಿಳಿದಿದ್ದರೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು ಪೂಜೆಗೆ ಕೂರುತ್ತಿದ್ದೆವು. ಪಾದಪೂಜೆಗೆ ಎರಡು ಕೊಡ ನೀರು ಬೇಕೆಂದು ಬಂದವರಿಗೆ ಒಂದು ಉದ್ಧರಣೆ ಸಾಕೆಂದು ಹೇಳಿದೆವು. ಪಾದೋದಕ ಎಂಬುದು ಎಂದೂ ಬಕೆಟ್ಟಿನ ಲೆಕ್ಕದ್ದಲ್ಲ. ನಾವೇ ಅದನ್ನು ಬರಬರುತ್ತ ಹಾಗೆ ಮಾಡಿಕೊಂಡಿದ್ದೇವೆ.

ಬೆಂಗಳೂರಿಗೆ ಈ ಗತಿ ಹೇಗೆ ಬಂತು? 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತವೆಂದು ಸಾರಿತು. 2024ರ ಮಾರ್ಚಿನಲ್ಲಿ ಮುಖ್ಯಮಂತ್ರಿಗಳು ಕೊಟ್ಟ ಲೆಕ್ಕ ಹೀಗಿತ್ತು: ನಗರಕ್ಕೆ ದಿನಕ್ಕೆ ಬೇಕಾದದ್ದು 260 ಕೋಟಿ ಲೀಟರ್. ಕಾವೇರಿಯಿಂದ 147 ಕೋಟಿ, ಕೊಳವೆಬಾವಿಗಳಿಂದ 65 ಕೋಟಿ, ಉಳಿದದ್ದು ಕೊರತೆ. ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿದ್ದವು. ಆ ಏಪ್ರಿಲ್ ಇಡೀ ಅಲ್ಲಿ ಮಳೆಯೇ ಬರಲಿಲ್ಲ. ಕಾವೇರಿ ನೀರೇನೂ ಆ ಊರ ಮಗ್ಗುಲಲ್ಲಿ ಹರಿಯುವುದಲ್ಲ. ಸುಮಾರು ನೂರು ಕಿಲೋಮೀಟರ್ ದೂರದಿಂದ ಮೂರು ಕಡೆ ಪಂಪು ಹಚ್ಚಿ ಮೇಲಕ್ಕೆ ಏರಿಸಿ ತರಬೇಕು. ಊರೊಳಗೆ ಇದ್ದ ಕೆರೆಗಳೋ? ಧರ್ಮಾಂಬುಧಿ ಕೆರೆಯಲ್ಲಿ ಇಂದು ಬಸ್ಸು ನಿಲ್ಲುತ್ತವೆ, ಸಂಪಂಗಿ ಕೆರೆಯಲ್ಲಿ ಕ್ರೀಡಾಂಗಣವಿದೆ. ಮಳೆ ನೀರು ಹಿಡಿದಿಡಬೇಕೆಂಬ ಕಾನೂನು 2009ರಲ್ಲೇ ಬಂದಿದೆ. ನಾವಿದ್ದ ಕಟ್ಟಡದಲ್ಲಿಯೂ ಅದಕ್ಕೊಂದು ತೊಟ್ಟಿ ಕಟ್ಟಿದ್ದರು. ಮುಚ್ಚಳ ತೆಗೆಸಿ ನೋಡಿದೆವು, ಒಳಗೆ ಕಟ್ಟಡ ಕಟ್ಟುವಾಗ ಉಳಿದ ಸಿಮೆಂಟಿನ ಚೀಲಗಳಿದ್ದವು.

ರವಿವಾರ ಸಂಜೆ ನೆಲ ಅಂತಸ್ತಿನ ಸಭಾಂಗಣದಲ್ಲಿ ಮನೆಗಳವರ ಸಭೆ. ಆ ಹುಡುಗ ಸಮಿತಿಯ ಸದಸ್ಯ. ಆಶೀರ್ವಾದಕ್ಕೆಂದು ನಮ್ಮನ್ನೂ ಕರೆದೊಯ್ದ. ಆಶೀರ್ವಾದ ಕೇಳುವ ವ್ಯವಧಾನ ಅಲ್ಲಿ ಯಾರಿಗೂ ಇರಲಿಲ್ಲ. ಟ್ಯಾಂಕರಿನ ಹಣದ ಬಗ್ಗೆ ಜಗಳ ನಡೆದಿತ್ತು. 12,000 ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗಾದರೆ 1,000 ರೂಪಾಯಿ ಎಂದು ಜಿಲ್ಲಾಡಳಿತ ಮಾರ್ಚಿನಲ್ಲಿ ದರ ಗೊತ್ತುಮಾಡಿತ್ತು. ಆ ದರಕ್ಕೆ ಟ್ಯಾಂಕರು ತಮ್ಮ ಗೇಟಿಗೆ ಬರುವುದಿಲ್ಲವೆಂದು ಎಲ್ಲರ ದೂರು. ಇಡೀ ಕಟ್ಟಡಕ್ಕೆ ಒಂದೇ ಮೀಟರು. ಬಂದ ಖರ್ಚನ್ನು ಮನೆಯ ಚದರಡಿಯಂತೆ ಹಂಚುತ್ತಾರೆ. ಮೂರನೆಯ ಅಂತಸ್ತಿನಲ್ಲಿ ಒಬ್ಬರೇ ಇರುವ ನಿವೃತ್ತ ಶಿಕ್ಷಕಿಯೊಬ್ಬರು ಎದ್ದು ನಿಂತು, ನನ್ನೊಬ್ಬಳಿಗೆ ದಿನಕ್ಕೆ ಐದು ಬಕೆಟ್ ಸಾಕು, ಏಳು ಜನರ ಮನೆಯಷ್ಟೇ ಹಣ ಏಕೆ ಕಟ್ಟಲಿ ಎಂದು ಕೇಳಿದರು. ನ್ಯಾಯದ ಪ್ರಶ್ನೆ. ಉತ್ತರ ಕೊಟ್ಟವರಿಲ್ಲ.

ಆಮೇಲೆ ಯಾರೋ ಒಬ್ಬರು, ಮೊದಲು ಮೆಟ್ಟಿಲ ಕೆಳಗಿನ ನಳ ಬಂದ್ ಮಾಡೋಣ ಎಂದರು. ಇದಕ್ಕೆ ಮಾತ್ರ ಎಲ್ಲರ ಕೈ ಒಟ್ಟಿಗೆ ಎದ್ದಿತು.

ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಇದ್ದವನು ಕಾವಲುಗಾರ, ಯಾದಗಿರಿ ಕಡೆಯವನು. ಹೆಂಡತಿ, ಎರಡು ಕೂಸು. ಆ ಹೆಣ್ಣುಮಗಳು ಮೇಲಿನ ನಾಲ್ಕು ಮನೆಗಳಲ್ಲಿ ಮುಸುರೆ ತಿಕ್ಕುತ್ತಿದ್ದಳು. ಕಟ್ಟಡಕ್ಕೆಲ್ಲ ನೀರು ತುಂಬಿಕೊಳ್ಳುವ ನೆಲದಡಿಯ ದೊಡ್ಡ ಹೌದು ಇರುವುದು ಅವರ ಕೋಣೆಯ ಕೆಳಗೇ. ರಾತ್ರಿ ಟ್ಯಾಂಕರು ಬಂದರೆ ಎದ್ದು ಕೊಳವೆ ಜೋಡಿಸುವವನು ಅವನು. ಮಲಗಿದಾಗ ಕಿವಿಯ ಕೆಳಗೆ ನೀರಿನ ಸದ್ದು ಕೇಳುವವರು ಅವರು. ಅವರ ಕೊಡಕ್ಕೆ ನೀರಿಲ್ಲ.

ನಮಗೆ ಸುಮ್ಮನಿರಲಾಗಲಿಲ್ಲ. ಅತಿಥಿಗಳು, ಪರಊರವರು, ಆದರೂ ಎರಡು ಮಾತು ಆಡಿದೆವು. ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳಿದೆವು. ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬಾ ಎಂದು ತಿರುಗಿಸಿ ಕಳಿಸಿದ ಬಡ ಹೆಂಗಸು ಅವಳು. ಲಕ್ಕಮ್ಮನಿಗೆ ಅಂದಿನ ಅಳತೆ ಗೊತ್ತಿತ್ತು. ನಿಮಗೂ ಈಗ ಮೀಟರು ಎಂಬ ಅಳತೆ ಸಿಗುತ್ತದೆ, ಮನೆಮನೆಗೂ ಕೂಡಿಸಿಕೊಳ್ಳಿ. ಬಳಸಿದಷ್ಟು ಕೊಡಿ, ಮಿತಿ ದಾಟಿದವರು ದುಪ್ಪಟ್ಟು ಕೊಡಿ. ಆದರೆ ಅಳೆಯುವ ಮೊದಲು ಈ ಗೋಡೆಗಳೊಳಗೆ ರಾತ್ರಿ ಮಲಗುವ ಪ್ರತಿ ಜೀವಕ್ಕೂ ಕುಡಿಯಲು, ಅಟ್ಟುಣ್ಣಲು, ಮೈ ತೊಳೆಯಲು ಬೇಕಾದಷ್ಟನ್ನು ತೆಗೆದಿಡಿ. ಅವರ ಹೆಸರಿಗೆ ಮನೆ ಇದೆಯೋ ಇಲ್ಲವೋ ಎಂಬುದು ಆಮೇಲಿನ ಮಾತು. ಇಷ್ಟೇ ಹೇಳಿದ್ದು.

ಕೊನೆಗೆ ದಿನಕ್ಕೆ ಎರಡು ಕೊಡ ಕೊಡುವುದೆಂದು ಒಪ್ಪಿದರು. ಚಪ್ಪಾಳೆಯೂ ಆಯಿತು. ನಮಗೆ ಸಮಾಧಾನವಾಗಲಿಲ್ಲ. ಕೊಡಕ್ಕೆ ಹದಿನೈದು ಲೀಟರ್ ಹಿಡಿದರೂ ನಾಲ್ವರಿಗೆ ಮೂವತ್ತು, ತಲೆಗೆ ಏಳೂವರೆ. ಪಟ್ಟಣಿಗನೊಬ್ಬನಿಗೆ ದಿನಕ್ಕೆ 135 ಲೀಟರ್ ಬೇಕೆಂದು ಸರ್ಕಾರಿ ಮಾನದಂಡವೇ ಹೇಳುತ್ತದೆ. ಜಲಜೀವನ ಯೋಜನೆಯಲ್ಲಿ ಹಳ್ಳಿಯವನಿಗೆ ಗೊತ್ತುಮಾಡಿದ್ದು 55. ಹಳ್ಳಿಯ ಮೈಗೆ ಕೆಸರು ಕಡಿಮೆ ಹತ್ತುತ್ತದೆಯೇ ಎಂದು ನಾವು ಆಗಾಗ ಕೇಳಿಕೊಳ್ಳುತ್ತೇವೆ. ಆ ಕಾವಲುಗಾರ ಹಳ್ಳಿ ಬಿಟ್ಟು ಪಟ್ಟಣಕ್ಕೆ ಬಂದು 55ರಿಂದ ಏಳೂವರೆಗೆ ಇಳಿದಿದ್ದ.

ಸಭೆ ಮುಗಿದ ಮೇಲೆ ಕಾಲೇಜು ಓದುವ ಹುಡುಗನೊಬ್ಬ ನಮ್ಮ ಬಳಿ ಬಂದ. ಮಾತಿನಲ್ಲಿ ಮರ್ಯಾದೆ ಇತ್ತು, ಕಣ್ಣಿನಲ್ಲಿ ಚುರುಕು. "ಸ್ವಾಮೀಜಿ, ನಿಮ್ಮ ಮಠದ ಜಾತ್ರೆಗೆ ಎಷ್ಟು ನೀರು ಖರ್ಚಾಗುತ್ತದೆ?" ಎಂದ. ಗೊತ್ತಿರಲಿಲ್ಲ. ನಲವತ್ತು ವರ್ಷ ದಾಸೋಹ ನಡೆಸಿದ್ದೇವೆ. ಅಕ್ಕಿಯ ಲೆಕ್ಕ ಇದೆ, ಬೆಲ್ಲದ ಲೆಕ್ಕ ಇದೆ, ನೀರಿನ ಲೆಕ್ಕ ಬರೆದ ಪುಟ ಒಂದೂ ಇಲ್ಲ. ನಮ್ಮ ಗೋಶಾಲೆಯ ದೋಣಿ ತುಂಬಿ ಓಣಿಯವರೆಗೆ ಹರಿಯುವುದನ್ನು ಎಷ್ಟೋ ಸಲ ನೋಡಿ ಸುಮ್ಮನೆ ದಾಟಿ ಹೋಗಿದ್ದೇವೆ. ತಿರುಗಿ ಬಂದ ವಾರದಲ್ಲೇ ಮಠದ ಕೊಳವೆಬಾವಿಗೆ ಮೀಟರು ಕೂಡಿಸಿದೆವು. ಮೊದಲ ತಿಂಗಳ ಅಂಕಿ ನೋಡಿ ನಮಗೇ ನಾಚಿಕೆಯಾಯಿತು.

ಈ ಕಥೆಯನ್ನು ನಮ್ಮ ಭಾಗದಲ್ಲಿ ಹೇಳಿದಾಗ ಜನ ನಕ್ಕರು. ಬೆಂಗಳೂರಿನವರಿಗೆ ಆಗಬೇಕಾದದ್ದೇ ಎಂದರು. ನಮ್ಮ ಮಗ್ಗುಲಿಗೆ ಕೃಷ್ಣೆ ಇದ್ದಾಳೆ, ದೂಧಗಂಗೆ, ವೇದಗಂಗೆ ಇದ್ದಾರೆ, ನಮಗೇನು ಕೊರತೆ ಎಂಬ ಗರ್ವ. 2019ನ್ನು ಇಷ್ಟು ಬೇಗ ಮರೆತರೆ ಹೇಗೆ? ಆ ವರ್ಷದ ಮೇ ತಿಂಗಳಲ್ಲಿ ಕೃಷ್ಣೆಯ ಪಾತ್ರ ಒಣಗಿ ಬಂಡೆ ಎದ್ದಿದ್ದವು. ಕೊಯ್ನಾದಿಂದ ಒಂದಿಷ್ಟು ಟಿಎಂಸಿ ಬಿಡಿರೆಂದು ಮಹಾರಾಷ್ಟ್ರಕ್ಕೆ ಕೈಮುಗಿಯುವುದಾಯಿತು. ಆಗಸ್ಟಿನಲ್ಲಿ ಅದೇ ನದಿ ಮನೆಯೊಳಗೆ ಹೊಕ್ಕು ಮಾಳಿಗೆ ಕೆಡವಿತು. ಜಲಾಶಯ ಮೇಲೆ ಅವರ ಕೈಯಲ್ಲಿದೆ ಎಂಬುದು ಸತ್ಯ. ಆದರೆ ಫೆಬ್ರುವರಿಯಿಂದ ಕಬ್ಬಿಗೆ ಹಗಲು ರಾತ್ರಿ ನೀರು ಎತ್ತುವ ಪಂಪುಗಳು ಯಾರ ಕೈಯಲ್ಲಿವೆ? ಹೆಚ್ಚು ನೀರು ಹಾಯಿಸಿ ಹಾಯಿಸಿ ಕಾಗವಾಡ ಕಡೆಯ ದಂಡೆಯ ಹೊಲಗಳಲ್ಲಿ ಸವಳು-ಜವಳು ಎದ್ದು, ಬಂಗಾರದಂಥ ಎರೆಭೂಮಿ ಬೆಳ್ಳಗೆ ಉಪ್ಪು ಕಾರುತ್ತಿದೆ. ಅದೇ ಹೊತ್ತಿಗೆ ಅಥಣಿಯ ಪೂರ್ವಕ್ಕೆ, ತೆಲಸಂಗ, ಐಗಳಿ ಕಡೆಗೆ ಹೋಗಿ ನೋಡಿ. ಬರ ಬಿದ್ದ ವರ್ಷ ಹೆಣ್ಣುಮಕ್ಕಳು ಕೊಡ ಸಾಲಿಟ್ಟು ಟ್ಯಾಂಕರಿನ ದಾರಿ ಕಾಯುತ್ತಾರೆ. ಹದಿನಾಲ್ಕನೆಯ ಅಂತಸ್ತೂ ಮೆಟ್ಟಿಲ ಕೆಳಗಿನ ಕೋಣೆಯೂ ನಮ್ಮಲ್ಲಿ ಒಂದೇ ಸೀಮೆಯೊಳಗಿವೆ. ಲಿಫ್ಟು ಇಲ್ಲ, ಅಷ್ಟೇ.

ಈಗ ಚಿಕ್ಕೋಡಿ, ನಿಪ್ಪಾಣಿಗಳಲ್ಲಿಯೂ ಅಪಾರ್ಟ್‌ಮೆಂಟುಗಳು ಏಳುತ್ತಿವೆ. ರಾಯಬಾಗ, ಅಥಣಿಗಳಲ್ಲಿ ಹೊಲ ಬಿಟ್ಟು ಪೇಟೆ ಸೇರುವವರಿಗೆ ಅದೇ ದೊಡ್ಡಸ್ತಿಕೆಯಾಗಿದೆ. ಕಟ್ಟಬಾರದೆಂದು ನಾವು ಹೇಳುವುದಿಲ್ಲ. ನೆಲ ತುಟ್ಟಿಯಾದಾಗ ಜನ ಮೇಲಕ್ಕೇ ಹೋಗಬೇಕು. ಆದರೆ ನಿಪ್ಪಾಣಿಯ ಜವಾಹರ ತಲಾವು ಮನೆ ಹೆಚ್ಚಿದಂತೆ ತಾನಾಗಿ ಅಗಲವಾಗುವುದಿಲ್ಲ. ಪುರಸಭೆ, ನಗರಸಭೆಯವರು ನಕ್ಷೆಗೆ ಸಹಿ ಹಾಕುವ ಮುನ್ನ ಒಂದೇ ಪ್ರಶ್ನೆ ಕೇಳಲಿ: ಮಳೆ ಹೋದ ವರ್ಷ ಈ ಮನೆಗಳಿಗೆ ನೀರು ಎಲ್ಲಿಂದ? ಟ್ಯಾಂಕರಿನಿಂದ ಎಂದರೆ, ಆ ಟ್ಯಾಂಕರು ಯಾವ ಊರಿನ ಕೊಳವೆಬಾವಿಯಿಂದ? ಆ ಊರಿನವರನ್ನು ಕೇಳಿದ್ದೀರಾ? ಮನೆಮನೆಗೆ ಮೀಟರಿಲ್ಲದ, ಮಳೆನೀರಿನ ತೊಟ್ಟಿಯಿಲ್ಲದ, ಕಾವಲುಗಾರನ ಕೋಣೆಗೆ ನಳವಿಲ್ಲದ ನಕ್ಷೆಯನ್ನು ತಿರುಗಿಸಿ ಕಳಿಸಲಿ. ಗೃಹಪ್ರವೇಶಕ್ಕೆ ನಮ್ಮನ್ನು ಕರೆಯಲು ಬರುವ ಭಕ್ತರಿಗೂ ಈಗ ಇದನ್ನೇ ಕೇಳುತ್ತೇವೆ. ಕೆಲವರು ಆಮೇಲೆ ಬೇರೆ ಸ್ವಾಮಿಗಳನ್ನು ಕರೆದದ್ದೂ ಉಂಟು. ಕರೆಯಲಿ. ಸೊನ್ನಲಿಗೆಯಲ್ಲಿ ಗುಡಿಯ ಸುತ್ತ ಕೆರೆ ತೋಡಿಸಿದ ಸಿದ್ಧರಾಮೇಶ್ವರರ ಹೆಸರು ಹೇಳಿಕೊಂಡು ಬದುಕುವ ನಾವು ಇಷ್ಟಾದರೂ ಕೇಳದಿದ್ದರೆ ಹೇಗೆ?

ಕಾವೇರಿಯ ಐದನೆಯ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚಿಗೆ ತರುವ ಯೋಜನೆ. ಆ ವರ್ಷ ಮಳೆಯೂ ಚೆನ್ನಾಗಿ ಆಯಿತು. ಲಿಫ್ಟಿನಲ್ಲಿ ಅಂಟಿಸಿದ್ದ ಕಾಗದ ಹರಿದುಹಾಕಿದರೆಂದು ಆ ಹುಡುಗ ಮಠಕ್ಕೆ ಬಂದಾಗ ಸಂತೋಷದಿಂದ ಹೇಳಿದ. ಮನೆಮನೆಯ ಮೀಟರು ಏನಾಯಿತು ಎಂದು ಕೇಳಿದೆವು. ಖರ್ಚಿನ ಅಂದಾಜು ಬಂದಿದೆಯಂತೆ, ನೀರು ಬಂದ ಮೇಲೆ ಸಭೆಗೆ ಜನ ಕೂಡುತ್ತಿಲ್ಲವಂತೆ. ಮೆಟ್ಟಿಲ ಕೆಳಗಿನ ನಳಕ್ಕೆ ಮತ್ತೆ ನೀರು ಬಿಟ್ಟಿದ್ದಾರೆ. ಕಾವಲುಗಾರ ಮಾತ್ರ ಆ ಮೇ ತಿಂಗಳಲ್ಲಿ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದವನು, ಇನ್ನೂ ಮರಳಿ ಕರೆತಂದಿಲ್ಲ.