ನಿವೇಶನ ಕೊಳ್ಳುವ ಮುನ್ನ ಬೀದಿಯನ್ನು ನೋಡಿ

ನಿವೃತ್ತಿಯ ಹಣ ಕೈಸೇರಿದೊಡನೆ ನಮ್ಮ ಕುಟುಂಬಗಳಲ್ಲಿ ಮೊದಲು ಏಳುವ ಮಾತು ಮೂವತ್ತು-ನಲವತ್ತರ ಒಂದು ನಿವೇಶನದ್ದು. ಕಾಗದಪತ್ರಗಳನ್ನು ವಕೀಲರಿಗೆ ತೋರಿಸುತ್ತೇವೆ, ದಿಕ್ಕು ನೋಡುತ್ತೇವೆ, ಕೊಳವೆ ಬಾವಿಯ ನೀರು ಸಿಹಿಯೋ ಸವುಳೋ ಎಂದು ವಿಚಾರಿಸುತ್ತೇವೆ. ಮುಂದಿನ ಬೀದಿಯ ವಿಷಯದಲ್ಲಿ ಮಾತ್ರ ಅದು ಕಪ್ಪಗೆ ಹೊಳೆಯುತ್ತಿದ್ದರೆ ಸಾಕು, ಸಮಾಧಾನಗೊಳ್ಳುತ್ತೇವೆ. ಅನುಮೋದಿತ ಬಡಾವಣೆಯಲ್ಲಿ ಅರ್ಧಕ್ಕೆ ಸಮೀಪದ ಭೂಮಿ ರಸ್ತೆ, ಉದ್ಯಾನ, ನಾಗರಿಕ ಸೌಕರ್ಯಗಳಿಗೆ ಹೋಗುತ್ತದೆ. ಅದರ ಬೆಲೆಯೂ ನಮ್ಮ ನಿವೇಶನದ ಚದರಡಿ ದರದೊಳಗೇ ಅಡಗಿರುವುದರಿಂದ, ಬೀದಿಯ ಗುಣವನ್ನು ಕೇಳುವ ಹಕ್ಕು ಹಣ ಕೊಟ್ಟವರಿಗೆ ಖಂಡಿತವಾಗಿ ಇದೆ.

ಬೀದಿಯೆಂಬುದು ಆರೋಗ್ಯದ ವಿಷಯವೆಂಬುದನ್ನು ನಮ್ಮ ನಾಡು ಪ್ಲೇಗಿನಿಂದ ಕಲಿಯಿತು. 1898ರಲ್ಲಿ ಆ ಮಾರಿ ಬೆಂಗಳೂರನ್ನು ಹೊಕ್ಕ ಬಳಿಕ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಅಗಲವಾದ ನೇರ ಬೀದಿಗಳನ್ನು ಎಳೆದರು. ಕಸ ಸಾಗಿಸಲೆಂದು ಮನೆಗಳ ಹಿಂದೆ ಕಿರುಓಣಿಗಳನ್ನೂ ಬಿಟ್ಟರು. ಮೈಸೂರಿನಲ್ಲಿ 1903ರಲ್ಲಿಯೇ ನಗರಾಭಿವೃದ್ಧಿ ಮಂಡಳಿ ಸ್ಥಾಪನೆಯಾಯಿತು. ಅಂದಿನವರು ಗಾಳಿ, ಬೆಳಕು, ಚರಂಡಿಗಳನ್ನು ಮೊದಲು ಯೋಚಿಸಿ ಅನಂತರ ಮನೆಗಳನ್ನು ಯೋಚಿಸಿದರು. ಇಂದಿನ ಜಾಹೀರಾತುಗಳಲ್ಲಿ ಮೊದಲು ಕಾಣುವುದು ಕಮಾನು ಮತ್ತು ಕಾರಂಜಿ.

ಧಾರವಾಡ, ಗದಗ, ವಿಜಯಪುರ, ಕಲಬುರಗಿ ಕಡೆಯ ಓದುಗ ಬಂಧುಗಳಿಗೆ ಎರೆಮಣ್ಣಿನ ಸ್ವಭಾವವನ್ನು ನಾವು ಹೇಳಿಕೊಡಬೇಕಾಗಿಲ್ಲ. ಮಳೆಗೆ ಉಬ್ಬುತ್ತದೆ, ಬೇಸಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಜೋಳಕ್ಕೂ ಕಡಲೆಗೂ ತಾಯಿಯಂತಿರುವ ಆ ನೆಲವೇ ರಸ್ತೆಗೆ ವೈರಿ. ಅದರ ಮೇಲೆ ನೇರವಾಗಿ ಜಲ್ಲಿ ಸುರಿದು ಡಾಂಬರು ಬಳಿದರೆ, ಮಳೆಗೆ ಮೆತ್ತಗಾದ ಮಣ್ಣು ಜಲ್ಲಿಯ ಸಂದಿಗೆ ಏರಿ, ಜಲ್ಲಿ ಕೆಳಗಿಳಿದು, ರಸ್ತೆ ಅಲೆಯಲೆಯಾಗಿ ಕುಸಿಯುತ್ತದೆ. ಇದಕ್ಕೆ ಇಂಜಿನಿಯರರು ಬಲ್ಲ ಮದ್ದು ಹೊಸದೇನಲ್ಲ: ಮೇಲಿನ ಎರೆಯನ್ನು ತೆಗೆದು ಗರಸು ತುಂಬಬೇಕು, ಇಲ್ಲವೆ ಮಣ್ಣಿಗೆ ಸುಣ್ಣ ಬೆರೆಸಿ ಗಟ್ಟಿಗೊಳಿಸಬೇಕು. ಬಳಿಕ ನೀರು ಹಾಕಿ, ಒಂದೊಂದು ಪದರವನ್ನೂ 8ರಿಂದ 10 ಟನ್ ತೂಕದ ರೋಲರಿನಿಂದ ಅದುಮಬೇಕು. ನೀರು ಹಾಕಿ ಹಾಸುವ ಜಲ್ಲಿಯ ಒಂದು ಪದರ ಅದುಮಿದ ಮೇಲೆ 75 ಮಿ.ಮೀ. ನಿಲ್ಲುವುದು ವಾಡಿಕೆಯ ಅಳತೆ. ಮೇಲೆ ಹಾಸುವ ತೆಳು ಡಾಂಬರು ಹೊದಿಕೆ ಕೇವಲ 20 ಮಿ.ಮೀ. ಇರುತ್ತದೆ; ಅದು ನೀರನ್ನು ತಡೆಯುವ ಛಾವಣಿಯೇ ಹೊರತು ಭಾರ ಹೊರುವ ಗೋಡೆಯಲ್ಲ. ಕೊಳ್ಳುವವರ ಕಣ್ಣಿಗೆ ಬೀಳುವುದಾದರೋ ಆ ಛಾವಣಿ ಮಾತ್ರ. ಆದುದರಿಂದ ರಸ್ತೆಯ ಅಂಚಿನಲ್ಲಿ ಎಲ್ಲಿಯಾದರೂ ಅಗೆದ ಜಾಗವಿದ್ದರೆ ಬಗ್ಗಿ ನೋಡಬೇಕು. ಅಲ್ಲಿ ಗರಸು, ಜಲ್ಲಿ, ಡಾಂಬರು ಬೇರೆ ಬೇರೆಯಾಗಿ ಕಾಣದೆ ಡಾಂಬರಿನ ಕೆಳಗೇ ಕರಿಮಣ್ಣು ಕಂಡರೆ, ಮುಂಗಡ ಕೊಡುವ ಕೈಯನ್ನು ಹಿಂದೆ ತೆಗೆಯುವುದೇ ಲೇಸು.

ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ತಂತಿಗಳ ನಳಿಗೆ ಎಲ್ಲವೂ ಡಾಂಬರಿಗಿಂತ ಮೊದಲೇ ನೆಲ ಸೇರಿರಬೇಕು. ತಿರುಗುಮುರುಗಾದರೆ ಹೊಸ ರಸ್ತೆಯ ಎದೆ ಸೀಳಿ ಕೊಳವೆ ಹಾಕುವ ದೃಶ್ಯ ನಿಶ್ಚಿತ.

ಇನ್ನು ಇಳಿಜಾರು. ತೆಳು ಡಾಂಬರಿನ ರಸ್ತೆಗೆ ನಡುವಿನಿಂದ ಅಂಚಿಗೆ ಶೇಕಡ 2ರಿಂದ 2.5ರಷ್ಟು ಇಳುಕಲು ಇರಬೇಕೆಂಬುದು ನಮ್ಮ ದೇಶದ ಮಾನದಂಡ. ಐದೂವರೆ ಮೀಟರ್ ಅಗಲದ ಡಾಂಬರಿನಲ್ಲಿ ನಡುಭಾಗವು ಅಂಚಿಗಿಂತ 6-7 ಸೆಂ.ಮೀ. ಎತ್ತರ ಎಂದಾಯಿತು. ಅಂಚಿಗೆ ಬಂದ ನೀರು ಚರಂಡಿಗೆ, ಚರಂಡಿಯ ನೀರು ಊರಿನ ಹಳ್ಳಕ್ಕೆ ಸೇರಲೇಬೇಕು. ಹಳ್ಳವನ್ನೇ ಮುಚ್ಚಿ ನಿವೇಶನ ಮಾಡಿದ್ದರೆ ಒಳಗಿನ ಚರಂಡಿ ಎಷ್ಟು ಅಂದವಾಗಿದ್ದರೂ ವ್ಯರ್ಥ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯ ಕಡೆ ಸಿರಿವಂತ ಬಡಾವಣೆಗಳೇ ಮುಳುಗಿ, ನಿವಾಸಿಗಳು ಟ್ರ್ಯಾಕ್ಟರು, ದೋಣಿಗಳಲ್ಲಿ ಹೊರಬಂದುದನ್ನು ಎಲ್ಲರೂ ಕಂಡಿದ್ದೇವೆ. ಗ್ರಾಮ ನಕಾಶೆಯಲ್ಲಿ ಹಳ್ಳ, ಕಾಲುವೆಗಳ ಗುರುತು ಇರುತ್ತದೆ. ಬಡಾವಣೆಯ ನಕ್ಷೆಯನ್ನು ಅದರ ಪಕ್ಕದಲ್ಲಿಟ್ಟು ನೋಡುವುದಕ್ಕೆ ವಿಶೇಷ ವಿದ್ಯೆ ಬೇಕಾಗಿಲ್ಲ. ಜೋರು ಮಳೆಯ ಮರುದಿನ ಮನೆಯ ಹೆಣ್ಣುಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಹೋಗಿ ಜಾಗ ನೋಡಬೇಕು. ದಿನವೂ ಆ ಬೀದಿಯಲ್ಲಿ ನಡೆಯಬೇಕಾದವರು ಅವರು.

ಕಾನೂನಿನ ಬಲವೂ ನಮಗಿದೆ. 2016ರ ರಿಯಲ್ ಎಸ್ಟೇಟ್ ಕಾಯಿದೆಯು ಅಪಾರ್ಟ್‌ಮೆಂಟುಗಳಿಗೆ ಮಾತ್ರವೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ, 500 ಚದರ ಮೀಟರಿಗೆ ಮೀರಿದ ಭೂಮಿಯಲ್ಲಿ ಮಾರಾಟಕ್ಕೆಂದು ನಿರ್ಮಿಸುವ ಬಡಾವಣೆಗಳೂ ಸಾಮಾನ್ಯವಾಗಿ ರೇರಾದಲ್ಲಿ ನೋಂದಣಿಯಾಗಬೇಕು. ಸ್ವಾಧೀನ ಕೊಟ್ಟ ದಿನದಿಂದ 5 ವರ್ಷಗಳೊಳಗೆ ಕಾಮಗಾರಿಯಲ್ಲಿ ಅಥವಾ ಸೌಕರ್ಯಗಳ ಗುಣಮಟ್ಟದಲ್ಲಿ ದೋಷ ಕಂಡುಬಂದು ಅದನ್ನು ಗಮನಕ್ಕೆ ತಂದರೆ, ನಿರ್ಮಿಸಿದವರು 30 ದಿನಗಳಲ್ಲಿ ಪ್ರತ್ಯೇಕ ಶುಲ್ಕವಿಲ್ಲದೆ ಸರಿಪಡಿಸಬೇಕೆಂದು ಅದರ 14ನೆಯ ಕಲಮು ಹೇಳುತ್ತದೆ; ತಪ್ಪಿದರೆ ಪರಿಹಾರ ಕೇಳಬಹುದು. ಕುಸಿದ ರಸ್ತೆ, ಹರಿಯದ ಚರಂಡಿಗಳ ವಿಷಯದಲ್ಲಿ ನಿವಾಸಿಗಳು ಹಿಡಿಯಬಹುದಾದ ದಾರಿ ಇದು. ಬಾಯಿಮಾತಿನ ದೂರು ಇಲ್ಲಿ ನಡೆಯದು. ಸ್ವಾಧೀನದ ದಿನವೇ ರಸ್ತೆ, ಚರಂಡಿಗಳ ಛಾಯಾಚಿತ್ರ ತೆಗೆದಿಟ್ಟು, ದೋಷ ಕಂಡಾಗ ನೆರೆಹೊರೆಯವರೆಲ್ಲ ಸಹಿ ಮಾಡಿದ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಅದರ ರಸೀತಿಯನ್ನು ಕ್ರಯಪತ್ರದ ಜೊತೆಗೇ ಕಾಪಾಡಿಕೊಳ್ಳಬೇಕು. ಬೀದಿಗಳನ್ನು ಪಂಚಾಯಿತಿಗೋ ನಗರಸಭೆಗೋ ವಹಿಸಿಕೊಟ್ಟಿದ್ದಾರೆಯೇ ಎಂಬುದನ್ನು ಆಯಾ ಕಚೇರಿಯಲ್ಲಿಯೇ ಕೇಳಿ ತಿಳಿಯತಕ್ಕದ್ದು. ವಹಿಸಿಕೊಡದ ಬೀದಿಯಲ್ಲಿ ಒಂದು ದೀಪ ಕೆಟ್ಟರೂ ಯಾರ ಬಾಗಿಲು ತಟ್ಟಬೇಕೆಂಬುದೇ ತಿಳಿಯುವುದಿಲ್ಲ.