ವಿಶೇಷ ಶಿಕ್ಷಕರಿಗೆ ಕನ್ನಡ ಬೇಡವೇ?

ಭಾಷಾವಾರು ಪ್ರಾಂತ ರಚನೆಯ ಕಾಲದಲ್ಲಿ ನಮ್ಮಂತೆಯೇ ಗಡಿಯಾಚೆ ಉಳಿದವರು ರಾಯದುರ್ಗ ಹಾಗೂ ಮಡಕಶಿರಾದ ಕನ್ನಡಿಗರು. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗವು 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು ತಾಲೂಕುಗಳ ಜತೆಗೆ ಆಂಧ್ರಕ್ಕೆ ಸೇರಿಹೋಯಿತು. ಕರ್ನಾಟಕದ ಒಡಲೊಳಗೆ ಚಾಚಿಕೊಂಡಿರುವ ಮಡಕಶಿರಾ ಅದಕ್ಕೂ ಮೊದಲೇ ಅನಂತಪುರ ಜಿಲ್ಲೆಯದಾಗಿತ್ತು. 2022ರಲ್ಲಿ ಅದನ್ನು ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿಸಲಾಯಿತು. ಜಿಲ್ಲೆಯ ಹೆಸರು ಬದಲಾಯಿತೇ ಹೊರತು ಅಮರಾಪುರ, ರೊಳ್ಳ, ಅಗಳಿಯ ಕನ್ನಡದ ಮನೆಗಳಲ್ಲಿ ತಾಯಿ ಮಗುವನ್ನು ಕರೆಯುವ ಮಾತು ಬದಲಾಗಿಲ್ಲ.

ಆ ತಾಯಿಯ ಮಗು ಕಿವಿ ಮಂದವಾದುದೋ, ಬುದ್ಧಿಯ ಬೆಳವಣಿಗೆ ನಿಧಾನವಾದುದೋ ಆಗಿದ್ದರೆ ಅದಕ್ಕೆ ಪಾಠ ಹೇಳುವವರು ಯಾರು? ಯಾವ ಭಾಷೆಯಲ್ಲಿ? ಗಡಿನಾಡ ಕನ್ನಡಿಗರ ಎಷ್ಟೋ ಸಭೆಗಳಲ್ಲಿ ನಾವು ಕುಳಿತಿದ್ದೇವೆ. ನಾಮಫಲಕದ ಬಗ್ಗೆ, ಪಠ್ಯಪುಸ್ತಕ ತಡವಾದ ಬಗ್ಗೆ, ಊರಿನ ಹೆಸರು ಕೆಡಿಸಿದ ಬಗ್ಗೆ ನಿರ್ಣಯಗಳಾಗಿವೆ. ಈ ಪ್ರಶ್ನೆಯನ್ನೆತ್ತಿದ ನಿರ್ಣಯವೊಂದೂ ನಮಗೆ ನೆನಪಾಗುವುದಿಲ್ಲ. ಇಂತಹ ಮಗುವನ್ನು ನಾವೇ ಒಳಕೋಣೆಯಲ್ಲಿ ಕುಳ್ಳಿರಿಸಿ ನೆಂಟರೆದುರು ಬಾಗಿಲು ಎಳೆದುಕೊಳ್ಳುವವರಾದುದರಿಂದ ಇದು ಬೀದಿಗೆ ಬಾರದ ವಿಷಯವಾಗಿ ಉಳಿದಿದೆ.

ಆಂಧ್ರದಲ್ಲಿ ಇಂತಹ ಮಕ್ಕಳಿಗಾಗಿ ಮಂಡಲ ಮಟ್ಟದಲ್ಲಿ 'ಭವಿತ' ಕೇಂದ್ರಗಳಿವೆ. ಅಲ್ಲಿಗೆ ಬರುವ ಶಿಕ್ಷಕರು ಶ್ರದ್ಧೆಯುಳ್ಳವರೇ ಇರಬಹುದು, ಅವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಆದರೆ ಅವರು ತರಬೇತಿ ಪಡೆದುದು ತೆಲುಗು ಮಕ್ಕಳ ನಡುವೆ. ಹೀಗೊಂದು ಸಂದರ್ಭವನ್ನು ಓದುಗರು ಕಲ್ಪಿಸಿಕೊಳ್ಳಲಿ. ಶಿಕ್ಷಕಿ ಹುಲಿಯ ಚಿತ್ರ ತೋರಿಸುತ್ತಾರೆ. ಮಡಕಶಿರಾ ಕಡೆಯ ಹಳ್ಳಿಯ ಮಗು 'ಉಲಿ' ಎನ್ನುತ್ತದೆ. ಹಾಲಿಗೆ 'ಆಲು', ಹಾವಿಗೆ 'ಆವು', ಹೂವಿಗೆ 'ಊವು' ಎನ್ನುತ್ತದೆ. ಅದರ ಅಪ್ಪ, ಅಜ್ಜಿ, ಅಕ್ಕಪಕ್ಕದವರು ಆಡುವುದೂ ಹಾಗೆಯೇ. ತೆಲುಗಿನಲ್ಲಿ ಅವು ಪುಲಿ, ಪಾಲು, ಪಾಮು, ಪುವ್ವು. ತೆಲುಗು ಮಾತ್ರ ಬಲ್ಲ ಕಿವಿಗೆ ಮಗು ಮೊದಲ ವ್ಯಂಜನವನ್ನೇ ನುಂಗಿದಂತೆ ಕೇಳುತ್ತದೆ. ಮಾತಿನ ದೋಷವೆಂದು ಕಡತದಲ್ಲಿ ದಾಖಲಾಗುತ್ತದೆ. ಇಲ್ಲದ ದೋಷವನ್ನು ತಿದ್ದಲು ತಿಂಗಳುಗಳು ಸಲ್ಲುತ್ತವೆ, ಇರುವ ದೋಷ ಹಾಗೆಯೇ ಉಳಿಯುತ್ತದೆ. ಮಲಯಾಳದಲ್ಲೂ ಪುಲಿ, ಪಾಲ್, ಪಾಂಬ್ ಎಂಬುದೇ ಇರುವುದರಿಂದ ಕಾಸರಗೋಡಿನ ಓದುಗರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. (ನಮ್ಮಲ್ಲಿ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ಮಲಯಾಳ ಎಂಬ ಮೂರನೆಯ ಸುತ್ತೂ ಉಂಟು!)

ಕನ್ನಡ ತೆಲುಗು ಲಿಪಿಗಳು ಅಕ್ಕತಂಗಿಯರಂತಿವೆ, ಏನು ಮಹಾ ಕಷ್ಟ ಎಂದು ಕೇಳುವವರಿದ್ದಾರೆ. ಓದಿನಲ್ಲಿ ಅಕ್ಷರಗಳು ಕಲಸಿಹೋಗುವ ಮಗುವಿಗೆ ಹೋಲಿಕೆಯೇ ಕಂಟಕ. ತಲೆಕಟ್ಟು ಮಾತ್ರ ಬೇರೆಯಾದ ಎರಡು 'ಕ'ಗಳ ನಡುವೆ ಅದು ಸಿಕ್ಕಿಬೀಳುತ್ತದೆ. ಕುರುಡು ಮಗುವಿನ ಸಂಗತಿ ಇನ್ನೂ ವಿಚಿತ್ರ. ಭಾರತಿ ಬ್ರೈಲಿನಲ್ಲಿ ಕನ್ನಡದ 'ಕ'ಕ್ಕೂ ತೆಲುಗಿನ 'ಕ'ಕ್ಕೂ ಚುಕ್ಕಿ ಒಂದೇ. ಮಗುವಿನ ಬೆರಳು ಓದುತ್ತದೆ, ಆದರೆ ಓದಿದ ಪದ ಅದರ ಮನೆಯದಲ್ಲ.

ಕಾನೂನಿನ ಕೊರತೆಯೇನೂ ಇಲ್ಲ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350-ಎ ವಿಧಿ 1956ರಿಂದಲೂ ಹೇಳುತ್ತಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ, ತರಬೇತಾದ ಶಿಕ್ಷಕರನ್ನು ನೇಮಿಸುವ ಹೊಣೆಯನ್ನು ಸರಕಾರಗಳ ಮೇಲೆ ಹೊರಿಸಿದೆ. ಪ್ರಾಥಮಿಕದಲ್ಲಿ ಇಂತಹ 10 ಮಕ್ಕಳಿಗೊಬ್ಬರು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೊಬ್ಬರು ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟು 2021ರಲ್ಲಿ ತೀರ್ಪಿತ್ತಿತು. 2025ರಲ್ಲಿ ಆಂಧ್ರ ಸರಕಾರ 2,260 ವಿಶೇಷ ಶಿಕ್ಷಕರ ಹುದ್ದೆಗಳನ್ನು ಸೃಷ್ಟಿಸಿತು. ಸಂತೋಷವೇ. ಅವುಗಳಲ್ಲಿ ಕನ್ನಡ ಬಲ್ಲವರಿಗೆಂದು ಎಷ್ಟು ಎಂದು ಕೇಳುವ ಹಕ್ಕು ರಾಯದುರ್ಗದ ತಂದೆತಾಯಿಗಳಿಗಿದೆ.

ಹತ್ತಕ್ಕೊಬ್ಬರೆಂಬ ಲೆಕ್ಕವೇ ಅಲ್ಪಸಂಖ್ಯಾತರಿಗೆ ಉರುಳಾಗಬಹುದು. ಇಲ್ಲಿ ಇಬ್ಬರು, ನಾಲ್ಕು ಮೈಲಿಯಾಚೆ ಒಬ್ಬ ಎಂಬಂತೆ ಚದುರಿದ ಮಕ್ಕಳು ಯಾವ ಶಾಲೆಯಲ್ಲೂ ಹತ್ತಾಗುವುದಿಲ್ಲ. ಆದುದರಿಂದ ಶಾಲೆಯನ್ನು ಬಿಟ್ಟು ಮಂಡಲಗಳನ್ನು ಸೇರಿಸಿ ಎಣಿಸಬೇಕು, ಊರಿಂದೂರಿಗೆ ಹೋಗಿ ಕಲಿಸುವ ಕನ್ನಡ ಶಿಕ್ಷಕರನ್ನು ನೇಮಿಸಬೇಕು.

ನೇಮಿಸಲು ಜನ ಬೇಕಲ್ಲ! ಗಂಟು ಬಿದ್ದಿರುವುದು ಇಲ್ಲಿ. ಸಾಮಾನ್ಯ ಬಿ.ಎಡ್. ಇದಕ್ಕೆ ಸಾಲದು. ಪದವಿಯ ಬಳಿಕ ವಿಶೇಷ ಶಿಕ್ಷಣದ ಬಿ.ಎಡ್. ಆಗಬೇಕು, ಶ್ರವಣ, ದೃಷ್ಟಿ, ಬೌದ್ಧಿಕ ವೈಕಲ್ಯ ಎಂದು ಯಾವುದಾದರೊಂದನ್ನು ಆರಿಸಿಕೊಳ್ಳಬೇಕು, ಭಾರತೀಯ ಪುನರ್ವಸತಿ ಪರಿಷತ್ತಿನ ಕೇಂದ್ರ ನೋಂದಣಿಯಲ್ಲಿ ಹೆಸರಿರಬೇಕು. 1992ರ ಕಾಯಿದೆಯಂತೆ ನಡೆಯುವ ಈ ನೋಂದಣಿ ಇಡೀ ದೇಶಕ್ಕೆ ಸಲ್ಲತಕ್ಕದ್ದು. ಮೈಸೂರಿನಲ್ಲಿ ಕಲಿತವರ ಅರ್ಹತೆ ಮಡಕಶಿರಾದಲ್ಲೂ ಮಂಜೇಶ್ವರದಲ್ಲೂ ಅರ್ಹತೆಯೇ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಶ್ರವಣದೋಷದ ಮಕ್ಕಳ ಶಿಕ್ಷಕರಿಗೆ ಅಲ್ಲಿ ಬಿ.ಎಡ್. ತರಬೇತಿಯಿದೆ. ಕನ್ನಡ ಮಾತಿನ ಪರೀಕ್ಷೆಗಳನ್ನು ಸಿದ್ಧಪಡಿಸಿದ ವಿದ್ವಾಂಸರೂ ಅಲ್ಲಿದ್ದಾರೆ. ಸಿಕಂದರಾಬಾದಿನಲ್ಲಿ ಬೌದ್ಧಿಕ ವೈಕಲ್ಯದ ಮಕ್ಕಳಿಗಾಗಿ 1984ರಲ್ಲಿ ಆರಂಭವಾದ ರಾಷ್ಟ್ರೀಯ ಸಂಸ್ಥೆ ಇದೆ. ಎರಡೂ ಕೇಂದ್ರ ಸರಕಾರದವು. ಈ ಎರಡರಲ್ಲೂ ವರ್ಷಕ್ಕೆ ಕೆಲವು ಸ್ಥಾನಗಳನ್ನು ಗಡಿನಾಡ ಕನ್ನಡ ಪದವೀಧರರಿಗೆ ವಿದ್ಯಾರ್ಥಿವೇತನ ಸಹಿತ ಮೀಸಲಿಟ್ಟರೆ ಯಾರ ಗಂಟು ಹೋಗುತ್ತದೆ? ಗಡಿನಾಡಿನ ಹೆಸರಿನಲ್ಲಿ ಉತ್ಸವ ನಡೆಸುವ ಕರ್ನಾಟಕ ಸರಕಾರವು ಒಂದು ಉತ್ಸವದ ಚಪ್ಪರದ ಖರ್ಚನ್ನು ಇದಕ್ಕೆ ತೆಗೆದಿಡಲಿ. ಬೋಧನಾಭ್ಯಾಸದ ಒಂದು ಭಾಗವಾದರೂ ಅವರ ಊರಿನ ಮಕ್ಕಳ ಜತೆಯಲ್ಲೇ ನಡೆಯಬೇಕು. 'ಉಲಿ'ಯನ್ನು ತರಗತಿಯ ಟಿಪ್ಪಣಿಯಿಂದ ಕಲಿಯಲಾಗದು.

ಮಗನಿಗೆ ತೆಲುಗೇ ಇರಲಿ, ನಾಳೆ ಉದ್ಯೋಗಕ್ಕಾದೀತು ಎನ್ನುವ ತಂದೆಗಳಿದ್ದಾರೆ. ಸಾಮಾನ್ಯ ಮಗುವಿನ ವಿಷಯದಲ್ಲಿ ಅವರೊಡನೆ ವಾದಿಸಬಹುದು. ಆದರೆ ಆರನೆಯ ವಯಸ್ಸಿನಲ್ಲೂ 'ನೀರು' ಎಂದು ಕೇಳಲಾರದ ಮಗುವಿಗೆ ಶಾಲೆಯಲ್ಲಿ 'ನೀಳ್ಳು' ಕಲಿಸಿ ಕಳುಹಿಸಿದರೆ ಮನೆಯಲ್ಲಿ ಅಜ್ಜಿ ಯಾವ ಚೊಂಬು ಕೊಡಬೇಕು?

ಮಡಕಶಿರಾದ ಮಾತೆತ್ತಿ ನಮ್ಮ ಅಂಗಳವನ್ನು ಮರೆಯುವಂತಿಲ್ಲ. ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದುದು 2000ದವರೆಗೆ. ಎಣ್ಮಕಜೆ, ಬೆಳ್ಳೂರು, ಬದಿಯಡ್ಕ, ಕುಂಬ್ಡಾಜೆಗಳ ಮನೆಗಳು ಅದರ ಫಲವನ್ನು ಉಣ್ಣುತ್ತಲೇ ಇವೆ. ಪಂಚಾಯತುಗಳ 'ಬಡ್ಸ್' ಶಾಲೆಗಳು ಬಂದುವು, ಅದು ಒಳ್ಳೆಯ ಕೆಲಸ. ಕನ್ನಡ ಶಾಲೆಗೆ ಕನ್ನಡವರಿಯದ ಅಧ್ಯಾಪಕರು ಬಂದಾಗ ಗೇಟಿನೆದುರು ಕುಳಿತು ಧರಣಿ ನಡೆಸಿದ ನಾವು, ಈ ಶಾಲೆಗಳ ಮಕ್ಕಳೊಡನೆ ಯಾವ ಭಾಷೆಯಲ್ಲಿ ಮಾತನಾಡುತ್ತಾರೆಂದು ಒಳಹೊಕ್ಕು ವಿಚಾರಿಸಿದ್ದೇವೆಯೇ? ರಾಯದುರ್ಗ, ಮಡಕಶಿರಾದವರ ಜತೆ ಸೇರಿ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಕೊಡಬೇಕಾದ ಮನವಿಯಲ್ಲಿ ಮೊದಲು ಬರೆಯಬೇಕಾದುದು ಈ ಮಕ್ಕಳ ಲೆಕ್ಕ. ಅದನ್ನು ಮನೆಮನೆಗೆ ಹೋಗಿ ನಾವೇ ತೆಗೆಯಬೇಕು, ಒಳಕೋಣೆಯ ಬಾಗಿಲು ತೆರೆಸಿ.